ನಡುಗುವ ಹೃದಯಕ್ಕೆ ಅಳತೆಯ ಭಾರ

ತೊಗರಿ ರಾಶಿಯ ದಿನಗಳು. ಯಡ್ರಾಮಿ ಸೀಮೆಯ ಹೊಲಗಳಲ್ಲಿ ಯಂತ್ರದ ಸದ್ದು ನಿಂತಿತೆಂದರೆ ಚೀಲ ತುಂಬುವ ಗಡಿಬಿಡಿ ಶುರು. ಇಬ್ಬರು ಎತ್ತಿ ಕೊಡುತ್ತಾರೆ, ಒಬ್ಬ ಬೆನ್ನು ಬಗ್ಗಿಸಿ ಹೊತ್ತು, ಹಲಗೆ ಏರಿ, ಟ್ರಾಲಿಯೊಳಗೆ ಇಳಿಸುತ್ತಾನೆ. ಅದೇ ಹೊತ್ತಿಗೆ ಮನೆಯಲ್ಲಿ ನೀರಿನ ಕೊಡ ಸೊಂಟಕ್ಕೇರುತ್ತದೆ, ಗ್ಯಾಸ್ ಸಿಲಿಂಡರು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಯೂರಿಯಾ ಚೀಲ 45 ಕಿಲೋ. ಡಿಎಪಿ, ಸಿಮೆಂಟು 50 ಕಿಲೋ. ತುಂಬಿದ ಸಿಲಿಂಡರು ಸುಮಾರು 30 ಕಿಲೋ. 15 ಲೀಟರಿನ ಕೊಡವೆಂದರೆ ನೀರೇ 15 ಕಿಲೋ. ಜೇವರ್ಗಿ, ಅಫಜಲಪುರ, ಆಳಂದ ಎಲ್ಲಿ ನೋಡಿದರೂ ಹಳ್ಳಿಯ ಬದುಕು ಬೆಳಗಿನಿಂದ ರಾತ್ರಿಯವರೆಗೆ ತೂಕದ ಜೊತೆಗೇ ಸಾಗುತ್ತದೆ.

ಇಂಥ ಊರಿನ ಒಬ್ಬರಿಗೆ ಎದೆ ಡವಡವ ಹೊಡೆದುಕೊಂಡು, ನಾಡಿ ಅಡ್ಡಾದಿಡ್ಡಿಯಾಗಿ, ಇಸಿಜಿ ತೆಗೆಸಿದಾಗ ‘ಏಟ್ರಿಯಲ್ ಫಿಬ್ರಿಲೇಷನ್’ ಎಂದು ಗೊತ್ತಾಯಿತೆನ್ನಿ. ಔಷಧ ಚೀಟಿಯ ಜೊತೆಗೆ ಬರುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ‘ಭಾರ ಎತ್ತಬ್ಯಾಡ್ರಿ.’ ಕಾಳಜಿಯ ಮಾತೇನೋ ನಿಜ. ಆದರೆ ಪಾಲಿಸಲು ಆಗದ ಮಾತು. ಕೊಡ, ಚೀಲ, ಮೊಮ್ಮಗು, ಮೇವಿನ ಹೊರೆ ಯಾವುದೂ ವೈದ್ಯರ ಚೀಟಿಗೆ ಕಾಯುವುದಿಲ್ಲ. ಎತ್ತಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲಿ ಹುಟ್ಟುವುದಿಲ್ಲ. ಪಳಗಿದ ಮೈಯಿಂದ ಅಳತೆಯಲ್ಲಿ ಎತ್ತುತ್ತೇವೋ, ಪಳಗದ ಮೈಯಿಂದ ಒಮ್ಮೆಲೇ ಎತ್ತುತ್ತೇವೋ ಎಂಬುದಷ್ಟೇ ಪ್ರಶ್ನೆ. ಸರಿಯಾದ ತಪಾಸಣೆಯ ನಂತರ, ಕಡಿಮೆ ತೂಕದಿಂದ, ಉಸಿರು ಕಟ್ಟದೆ ಮಾಡುವ ಭಾರದ ವ್ಯಾಯಾಮ ಇಂಥವರಲ್ಲಿ ಬಹಳ ಮಂದಿಗೆ ಮಾಡಬಹುದಾದದ್ದು ಮಾತ್ರವಲ್ಲ, ಬೇಕಾದದ್ದೂ ಹೌದು ಎಂಬುದು ಈ ಲೇಖನದ ವಾದ.

ಎದೆಯೊಳಗೆ ನಡೆಯುವುದೇನು?

ಹೃದಯಕ್ಕೆ ನಾಲ್ಕು ಕೋಣೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಮೇಲಿನ ಬಲಕೋಣೆಯ ಒಂದು ಚಿಕ್ಕ ಜಾಗದಿಂದ ಹೊರಡುವ ವಿದ್ಯುತ್ ಸಂಕೇತಕ್ಕೆ ಇಡೀ ಹೃದಯ ಓಗೊಡುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ. ಒಬ್ಬನ ‘ಹೂಂ’ಗೆ ನಾಲ್ವರು ಹಮಾಲರು ಒಟ್ಟಿಗೆ ಚೀಲ ಎತ್ತುವ ಹಾಗೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ, ಅಂದರೆ ವೈದ್ಯರು ಚುಟುಕಾಗಿ ‘ಎಎಫ್’ ಎನ್ನುವ ತೊಂದರೆಯಲ್ಲಿ, ಪ್ರತಿಯೊಬ್ಬನೂ ತನ್ನದೇ ‘ಹೂಂ’ ಹೇಳತೊಡಗುತ್ತಾನೆ. ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ರಿಂದ 600ರವರೆಗೆ ಚೆಲ್ಲಾಪಿಲ್ಲಿ ಸಂಕೇತಗಳು ಏಳುತ್ತವೆ. ಕೋಣೆ ಹಿಂಡುವುದನ್ನು ಬಿಟ್ಟು ಬರೀ ನಡುಗುತ್ತದೆ. ನಡುವಿನ ಒಂದು ತಡೆಗಟ್ಟು ಇವುಗಳಲ್ಲಿ ಕೆಲವನ್ನಷ್ಟೇ ಕೆಳಗೆ ಬಿಡುವುದರಿಂದ ಜೀವ ಉಳಿಯುತ್ತದೆ. ಆದರೆ ನಾಡಿಯ ಲಯ ತಪ್ಪುತ್ತದೆ, ವೇಗವೂ ಏರಬಹುದು.

ಇದರಿಂದ ಎರಡು ನಷ್ಟ. ಮೇಲಿನ ಕೋಣೆಯ ಹಿಂಡುವಿಕೆ ಇಲ್ಲದ್ದರಿಂದ ಕೆಳಗಿನ ಕೋಣೆ ಪೂರ್ತಿ ತುಂಬುವುದಿಲ್ಲ; ಮೆಟ್ಟಿಲು ಹತ್ತಿದರೆ ಏದುಸಿರು, ಸ್ವಲ್ಪ ಕೆಲಸಕ್ಕೇ ಸುಸ್ತು. ಎರಡನೆಯದು ಇನ್ನೂ ಗಂಭೀರ. ನಡುಗುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1991ರಲ್ಲಿ ತೋರಿಸಿದಂತೆ ಎಎಫ್ ಇದ್ದವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಬಹಳ ಮಂದಿಗೆ ಬರೆಯುವುದು ಇದೇ ಕಾರಣಕ್ಕೆ. ಎಷ್ಟೇ ಚೆನ್ನಾಗಿ ಮಾಡಿದರೂ ವ್ಯಾಯಾಮ ಈ ಮಾತ್ರೆಯ ಬದಲಿಗೆ ಬರಲಾರದು ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ಕಟ್ಟಿದ ಉಸಿರೇ ಮೊದಲ ಶತ್ರು

ಭಾರ ಎತ್ತಿದರೆ ಹೃದಯಕ್ಕೆ ತ್ರಾಸು ಎಂಬ ನಂಬಿಕೆ ಬರೀ ಹೆದರಿಕೆಯಿಂದ ಹುಟ್ಟಿದ್ದಲ್ಲ. ಕೆನಡಾದ ಸಂಶೋಧಕರು 1985ರಲ್ಲಿ ಐವರು ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಒತ್ತಡ ಅಳೆಯುವ ನಳಿಕೆ ಇಟ್ಟು, ಕಾಲಿನಿಂದ ಗರಿಷ್ಠ ಭಾರ ತಳ್ಳಿಸಿದರು. ಸಾಮಾನ್ಯವಾಗಿ 120/80ರ ಆಸುಪಾಸಿನಲ್ಲಿರಬೇಕಾದ ರಕ್ತದೊತ್ತಡ ಆ ಕ್ಷಣಕ್ಕೆ ಸರಾಸರಿ 320/250 ಮುಟ್ಟಿತ್ತು. ಮೈಮುರಿಯುವಷ್ಟು ಭಾರ, ದಣಿವು ಮೀರಿದರೂ ನಿಲ್ಲಿಸದಿರುವುದು, ಉಸಿರು ಬಿಗಿಹಿಡಿದು ಹೊಟ್ಟೆ ಗಟ್ಟಿ ಮಾಡುವುದು ಮೂರೂ ಸೇರಿದಾಗ ಬರುವ ಏರಿಕೆ ಇದು. ಉಸಿರು ಕಟ್ಟಿದಾಗ ಎದೆಗೂಡಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಬಿಟ್ಟೊಡನೆ ಒಮ್ಮೆಲೇ ನುಗ್ಗುತ್ತದೆ. ಮೊದಲೇ ಅರೆಬರೆ ತುಂಬುವ ಹೃದಯಕ್ಕೆ ಈ ಏರಿಳಿತ ಒಳ್ಳೆಯದಲ್ಲ. ತಲೆಸುತ್ತು, ಕಣ್ಣು ಕತ್ತಲೆ ಬರುವುದು ಇಂಥ ಗಳಿಗೆಯಲ್ಲೇ.

ಈ ಮೂರರಲ್ಲಿ ಯಾವುದೂ ಅನಿವಾರ್ಯವಲ್ಲ. ಕಡಿಮೆ ತೂಕವನ್ನು ಹತ್ತು ಹದಿನೈದು ಸಲ, ಎತ್ತುವಾಗ ಉಸಿರು ಬಿಡುತ್ತಾ, ಇಳಿಸುವಾಗ ಎಳೆದುಕೊಳ್ಳುತ್ತಾ ಮಾಡಿದರೆ ಒತ್ತಡ ಆ ಮಟ್ಟದ ಹತ್ತಿರಕ್ಕೂ ಹೋಗುವುದಿಲ್ಲ. ಜಾತ್ರೆಯಲ್ಲಿ ಜನರ ಶಿಳ್ಳೆಗೆ ಮೈಮರೆತು ಸಂಗ್ರಾಣಿ ಕಲ್ಲು ಎತ್ತುವುದಕ್ಕೂ, ಮನೆಯ ಪಡಸಾಲೆಯಲ್ಲಿ ಎರಡು ಕಿಲೋ ಡಂಬಲ್ಸ್ ಎತ್ತುವುದಕ್ಕೂ ಹೃದಯದ ಲೆಕ್ಕದಲ್ಲಿ ಅಜಗಜಾಂತರ. ಎರಡಕ್ಕೂ ‘ಭಾರ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದ್ದರಿಂದಲೇ ಗೊಂದಲ ಹುಟ್ಟಿದ್ದು.

ಪುರಾವೆ ಎಲ್ಲಿಯವರೆಗೆ ಒಯ್ಯುತ್ತದೆ?

ಎಎಫ್ ಇದ್ದವರು ಮೈದಣಿಸಬಾರದು ಎಂಬ ಹಳೆಯ ಅಭಿಪ್ರಾಯ ಕಳೆದ ಒಂದೂವರೆ ದಶಕದಲ್ಲಿ ತಿರುವು ಪಡೆದಿದೆ. ಆಸ್ಟ್ರೇಲಿಯಾದ ಅಡಿಲೇಡ್‌ನ ವೈದ್ಯರ ನೇತೃತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 120 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರು ತಿಂಗಳು ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಲಾಯಿತು. ವರ್ಷದ ಕೊನೆಗೆ ಆ ಗುಂಪಿನ ಶೇ 40 ಮಂದಿಯಲ್ಲಿ ಎಎಫ್ ಮರುಕಳಿಸಿರಲಿಲ್ಲ. ವ್ಯಾಯಾಮವಿಲ್ಲದ ಗುಂಪಿನಲ್ಲಿ ಈ ಪ್ರಮಾಣ ಶೇ 20. ಅಮೆರಿಕದ ಹೃದ್ರೋಗ ಸಂಘಟನೆಗಳ 2023ರ ಮಾರ್ಗಸೂಚಿ ಎಎಫ್ ಇದ್ದವರಿಗೆ ವಾರಕ್ಕೆ 210 ನಿಮಿಷ ಮಧ್ಯಮದಿಂದ ಚುರುಕಿನ ವ್ಯಾಯಾಮದ ಗುರಿ ಇಟ್ಟಿತು. ದಿನಕ್ಕೆ ಅರ್ಧ ಗಂಟೆಯಾಯಿತು.

ಇಂಥ ಪ್ರಯೋಗಗಳಲ್ಲಿ ಹೆಚ್ಚಿನವು ನಡಿಗೆ, ಸೈಕಲ್ಲು ತುಳಿಯುವಂಥ ವ್ಯಾಯಾಮವನ್ನು ಆಧರಿಸಿದವು. ಬರೀ ಭಾರ ಎತ್ತಿಸಿ ಎಎಫ್ ಕಡಿಮೆಯಾಯಿತೇ ಎಂದು ನೋಡಿದ ದೊಡ್ಡ ಪ್ರಯೋಗಗಳಿಲ್ಲ. ಹಾಗೆಂದು ಪುರಾವೆ ಬರಿದಾಗಿಲ್ಲ. ಡೆನ್ಮಾರ್ಕ್‌ನಲ್ಲಿ ಅಬ್ಲೇಶನ್ ಚಿಕಿತ್ಸೆ (ಲಯ ಕೆಡಿಸುವ ಅಂಗಾಂಶವನ್ನು ನಿಷ್ಕ್ರಿಯಗೊಳಿಸುವುದು) ಪಡೆದ 210 ಎಎಫ್ ರೋಗಿಗಳ ಮೇಲೆ ನಡೆದು 2016ರಲ್ಲಿ ವರದಿಯಾದ ಪ್ರಯೋಗದ 12 ವಾರಗಳ ತರಬೇತಿಯಲ್ಲಿ ಬಲವರ್ಧಕ ವ್ಯಾಯಾಮವೂ ಸೇರಿತ್ತು. ತರಬೇತಿ ಪಡೆದವರ ದೇಹದ ಆಮ್ಲಜನಕ ಬಳಸುವ ಸಾಮರ್ಥ್ಯ ಹೆಚ್ಚಿತು. ಇನ್ನು ಎಲ್ಲ ವಯಸ್ಕರನ್ನೂ ಹೃದ್ರೋಗಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ 2023ರ ಹೇಳಿಕೆಯ ಪ್ರಕಾರ, ಭಾರದ ವ್ಯಾಯಾಮ ಮಾಡುವವರಲ್ಲಿ ಮಾಡದವರಿಗಿಂತ ಸಾವಿನ ಅಪಾಯ ಸುಮಾರು ಶೇ 15ರಷ್ಟು ಕಡಿಮೆ. ವಾರಕ್ಕೆ 30ರಿಂದ 60 ನಿಮಿಷವಿದ್ದರೂ ಈ ಲಾಭ ಕಾಣುತ್ತದೆ. ರಕ್ತದೊತ್ತಡ, ಸಕ್ಕರೆ, ಬೊಜ್ಜು ಈ ಮೂರೂ ಎಎಫ್ ಅನ್ನು ಪೋಷಿಸುವ ಬೇರುಗಳು. ಭಾರದ ವ್ಯಾಯಾಮ ಆ ಬೇರುಗಳ ಮೇಲೆಯೇ ಕೆಲಸ ಮಾಡುತ್ತದೆ. ನಡಿಗೆ ಬುನಾದಿ, ಭಾರ ಅದರ ಜೊತೆಗಾರ ಎಂದು ತಿಳಿದರೆ ಪುರಾವೆಗೆ ನಿಷ್ಠರಾದಂತೆ.

ಮೊದಲು ಕವಾಟ, ಆಮೇಲೆ ಡಂಬಲ್ಸ್

ವಿದೇಶದ ಅಂಕಿಗಳನ್ನು ಹಾಗೆಯೇ ತಂದು ಕಲಬುರಗಿ ಜಿಲ್ಲೆಗೆ ಅಂಟಿಸಲು ಬರುವುದಿಲ್ಲ. ಅದಕ್ಕೊಂದು ಗಟ್ಟಿ ಕಾರಣವಿದೆ. ಪಶ್ಚಿಮದಲ್ಲಿ ಎಎಫ್ ಬಹುಪಾಲು ಮುಪ್ಪಿನ ಕಾಯಿಲೆ. ಭಾರತದ ಹೃದಯಲಯ ತಜ್ಞರ ಸಂಘ 1,500ಕ್ಕೂ ಹೆಚ್ಚು ಎಎಫ್ ರೋಗಿಗಳ ವಿವರ ಕಲೆಹಾಕಿ 2017ರಲ್ಲಿ ಪ್ರಕಟಿಸಿದಾಗ ಸರಾಸರಿ ವಯಸ್ಸು ಐವತ್ತರ ನಡುಭಾಗದಲ್ಲಿತ್ತು, ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರುಮ್ಯಾಟಿಕ್ ಹೃದ್ರೋಗವಿತ್ತು. ಚಿಕ್ಕಂದಿನಲ್ಲಿ ಬಂದ ಗಂಟಲುಬೇನೆ, ಅದರ ಬೆನ್ನಿಗೆ ಕೀಲುನೋವಿನ ಜ್ವರ, ವರ್ಷಗಳ ನಂತರ ಹೃದಯದ ಕವಾಟ ಗಡುಸಾಗಿ ಕಿರಿದಾಗುವುದು ಈ ರೋಗದ ದಾರಿ. ಎಡಗಡೆಯ ಮೈಟ್ರಲ್ ಕವಾಟ ಕಿರಿದಾದವರಲ್ಲಿ ಹೃದಯ ವೇಗವಾಗಿ ಬಡಿದರೆ ರಕ್ತ ಮುಂದೆ ಸಾಗಲು ಸಮಯ ಸಾಲದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ, ಅಲ್ಲಿ ನೀರು ತುಂಬಿಕೊಳ್ಳಬಹುದು. ಇಂಥವರು ಕವಾಟಕ್ಕೆ ಚಿಕಿತ್ಸೆ ಪಡೆಯದೆ ಭಾರಕ್ಕೆ ಕೈಹಾಕಬಾರದು.

ಆದ್ದರಿಂದ ಎಎಫ್ ಎಂದು ತಿಳಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ: ‘ಕವಾಟ ಹೆಂಗದ?’ ಉತ್ತರ ಕೊಡುವುದು ಎಕೋ ಪರೀಕ್ಷೆ. ಹೃದಯಾಘಾತವನ್ನು ಬೇಗ ಪತ್ತೆಹಚ್ಚಲೆಂದು ರಾಜ್ಯ ಸರ್ಕಾರ ತಂದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇಸಿಜಿಯನ್ನು ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೆ ಹತ್ತಿರ ಮಾಡಿದೆ. ಎಕೋಗೆ ಮಾತ್ರ ಯಡ್ರಾಮಿ, ಜೇವರ್ಗಿ ಸೀಮೆಯವರು ಸಾಮಾನ್ಯವಾಗಿ ಕಟ್ಟಿಸಂಗಾವಿ ಸೇತುವೆಯಲ್ಲಿ ಭೀಮಾ ನದಿ ದಾಟಿ ಕಲಬುರಗಿಗೇ ಹೋಗುವುದು. ಅಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ದಿನದ ಕೂಲಿ ಬಿಟ್ಟು ಹೋಗಬೇಕು ನಿಜ. ಆದರೆ ಮುಂದಿನ ಹಲವು ವರ್ಷ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಆ ಒಂದು ಪರೀಕ್ಷೆ ನಿರ್ಧರಿಸುತ್ತದೆ. ಅದರ ಜೊತೆಗೆ ಥೈರಾಯ್ಡ್, ರಕ್ತದೊತ್ತಡ, ಸಕ್ಕರೆ ನೋಡಿಸಬೇಕು. ವಿಶ್ರಾಂತಿಯಲ್ಲಿ ನಾಡಿ ಮಾತ್ರೆಯ ನೆರವಿನಿಂದ ಹತೋಟಿಗೆ ಬರಬೇಕು. ಕುಳಿತಲ್ಲೇ 110 ದಾಟುತ್ತಿದ್ದರೆ ಅಂದು ಭಾರ ಮುಟ್ಟದೆ ವೈದ್ಯರನ್ನು ಕಾಣುವುದು ಲೇಸು.

ಎಷ್ಟು ತೂಕ, ಎಷ್ಟು ಸಲ?

ಗರಡಿಮನೆಯ ಉಸ್ತಾದ ಹೊಸಬನ ಕೈಗೆ ಮೊದಲ ದಿನವೇ ದೊಡ್ಡ ಗದೆ ಕೊಡುವುದಿಲ್ಲ. ಆ ವಿವೇಕವೇ ಇಲ್ಲಿಯೂ ಆಧಾರ. ಹೃದ್ರೋಗಿಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ, ಒಬ್ಬರು ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ 40ರಿಂದ 60. ಹಾಗೆಂದು ಆ ಗರಿಷ್ಠ ಎಷ್ಟೆಂದು ಪರೀಕ್ಷಿಸಲು ಹೋಗುವುದೇ ಅಪಾಯ. ಸುಲಭದ ಅಳತೆ ಬೇರೆಯಿದೆ: ಹತ್ತರಿಂದ ಹದಿನೈದು ಸಲ ಎತ್ತಿದ ಮೇಲೂ ಇನ್ನು ಮೂರು ನಾಲ್ಕು ಸಲ ಎತ್ತಬಲ್ಲೆ ಎನಿಸಬೇಕು, ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಮಾತು ತುಂಡಾಗುತ್ತಿದ್ದರೆ ತೂಕ ಹೆಚ್ಚಾಯಿತು. ಕೈಗಡಿಯಾರ ತೋರಿಸುವ ನಾಡಿಯ ಸಂಖ್ಯೆಗಿಂತ ಈ ಮಾತಿನ ಪರೀಕ್ಷೆ ಎಎಫ್ ಇದ್ದವರಿಗೆ ಹೆಚ್ಚು ನಂಬಿಕೆಯದು. ಲಯ ತಪ್ಪಿದ ನಾಡಿಯನ್ನು ಗಡಿಯಾರ ಸರಿಯಾಗಿ ಎಣಿಸದೇ ಇರಬಹುದು, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರ ನಾಡಿ ದಣಿದರೂ ಅಷ್ಟಾಗಿ ಏರುವುದಿಲ್ಲ.

ವಾರಕ್ಕೆ ಎರಡು ದಿನ ಸಾಕು, ನಡುವೆ ಕನಿಷ್ಠ ಒಂದು ದಿನದ ಬಿಡುವು. ಮೊದಲ ಹತ್ತು ನಿಮಿಷ ನಡೆದು ಮೈ ಕಾಯಿಸಬೇಕು. ಮುಗಿದ ಮೇಲೆ ಥಟ್ಟನೆ ನಿಲ್ಲದೆ ಮತ್ತೆ ಹತ್ತು ನಿಮಿಷ ನಿಧಾನ ನಡೆಯಬೇಕು, ಇಲ್ಲದಿದ್ದರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗೀತು. ಕುರ್ಚಿಯಿಂದ ಕೈಯೂರದೆ ಎದ್ದು ಕೂಡುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಒಂದು ಲೀಟರಿನ ನೀರಿನ ಬಾಟಲಿ ಅಥವಾ ಒಂದು ಕಿಲೋ ಬೇಳೆಯ ಪ್ಯಾಕೆಟ್ಟನ್ನು ಮೊಣಕೈ ಮಡಚಿ ಎತ್ತುವುದು, ರಬ್ಬರ್ ಪಟ್ಟಿ ಎಳೆಯುವುದು ಮೊದಲ ತಿಂಗಳಿಗೆ ಇಷ್ಟೇ ಸಾಕು. ಆಮೇಲೆ ಸಲಗಳನ್ನು ಹೆಚ್ಚಿಸಿ, ಅದು ಹಗುರೆನಿಸಿದಾಗ ಮಾತ್ರ ತೂಕ ಹೆಚ್ಚಿಸುವುದು. ಭಾರ ಹಿಡಿದು ಅಲುಗದೆ ನಿಲ್ಲುವ ಕಸರತ್ತು, ಗೆಳೆಯರ ಪಂಥ, ದಾಖಲೆಯ ಹಟ ಈ ಮೂರಕ್ಕೂ ಇಲ್ಲಿ ಜಾಗವಿಲ್ಲ. ಹೊಸದಾಗಿ ಪೇಸ್‌ಮೇಕರ್ ಹಾಕಿಸಿಕೊಂಡವರು, ಅಬ್ಲೇಶನ್ ಮಾಡಿಸಿಕೊಂಡವರು ವೈದ್ಯರು ಹೇಳಿದಷ್ಟು ವಾರ ಕಾಯಲೇಬೇಕು.

ಬಿಸಿಲು, ಮಾತ್ರೆ, ನೋವಿನ ಗುಳಿಗೆ

ಕಲಬುರಗಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರಿನಲ್ಲಿ ನೀರು, ಲವಣ ಎರಡೂ ಹೋಗುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಲಯ ಇನ್ನಷ್ಟು ಕೆಡಬಹುದು. ಆದ್ದರಿಂದ ವ್ಯಾಯಾಮ ಬಿಸಿಲೇರುವ ಮೊದಲೇ ಮುಗಿಯಬೇಕು. ಜ್ವರ, ವಾಂತಿಭೇದಿ, ರಾತ್ರಿ ನಿದ್ದೆಗೆಟ್ಟ ದಿನ ರಜೆ. ಜಿಮ್‌ಗಳಲ್ಲಿ ಮಾರುವ ‘ಶಕ್ತಿ’ ಪುಡಿಗಳಲ್ಲಿ ಕೆಫೀನಿನಂಥ ಉತ್ತೇಜಕಗಳು ಭಾರೀ ಪ್ರಮಾಣದಲ್ಲಿರಬಹುದು. ಎಎಫ್ ಇದ್ದವರು ಅವನ್ನು ಮುಟ್ಟದಿರುವುದೇ ಕ್ಷೇಮ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರಿಗೆ ಹೆಚ್ಚಿನ ಅಪಾಯ ಪೆಟ್ಟಿನದು. ಮುಖದ ಮೇಲೆ ಭಾರ ಹಿಡಿಯುವ ಬೆಂಚ್ ಕಸರತ್ತು ಬೇಡ, ಕುಸ್ತಿ ಕಣ ಬೇಡ. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಇನ್ನೊಂದು ಅಪಾಯ ಔಷಧದಂಗಡಿಯಲ್ಲಿದೆ. ಮೈಕೈ ನೋವೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆ ನುಂಗಿದರೆ ಈ ಮಾತ್ರೆಯೊಂದಿಗೆ ಸೇರಿ ಹೊಟ್ಟೆಯೊಳಗೆ ರಕ್ತಸ್ರಾವ ತರಬಹುದು. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆಗೆ ತಮ್ಮದನ್ನು ಬದಲಿಸಿಕೊಳ್ಳುವುದೂ ಸಲ್ಲದು: ರುಮ್ಯಾಟಿಕ್ ಕವಾಟರೋಗದ ಎಎಫ್ ಇದ್ದವರಿಗೆ ಹೊಸ ಮಾತ್ರೆ ರಿವರಾಕ್ಸಬ್ಯಾನ್‌ಗಿಂತ ವಾರ್ಫರಿನ್ ಜಾತಿಯ ಹಳೆಯ ಮಾತ್ರೆಗಳೇ ಮೇಲು ಎಂದು 2022ರಲ್ಲಿ ಹಲವು ದೇಶಗಳ ದೊಡ್ಡ ಪ್ರಯೋಗ ತೋರಿಸಿದೆ. ವ್ಯಾಯಾಮದ ನಡುವೆ ಎದೆನೋವು, ಕಣ್ಣುಕತ್ತಲೆ, ನಿಂತರೂ ಇಳಿಯದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋಲುವುದು, ಮಾತು ತೊದಲುವುದು ಕಂಡರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಕರೆ ಮಾಡಬೇಕು.

ಮೂರು ಆಕ್ಷೇಪಗಳು

ಮೊದಲನೆಯದು ಕರ್ನಾಟಕದವರೆಲ್ಲರ ಮನಸ್ಸಿನಲ್ಲಿರುವುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, ವ್ಯಾಯಾಮದ ಬೆನ್ನಿಗೇ ಅಸ್ವಸ್ಥರಾದರೆಂಬ ಸುದ್ದಿ ಜಿಮ್ ಎಂಬ ಪದದ ಮೇಲೇ ಕರಿನೆರಳು ಹಾಯಿಸಿತು. ಆದರೆ ಹೃದಯ ಥಟ್ಟನೆ ನಿಲ್ಲುವುದು ಬೇರೆ, ಎಎಫ್ ಬೇರೆ. ಥಟ್ಟನೆ ನಿಲ್ಲುವುದು ಹೆಚ್ಚಾಗಿ ಕೆಳಕೋಣೆಗಳ ಲಯ ಕುಸಿದಾಗ. ಎಎಫ್ ಮೇಲಿನ ಕೋಣೆಗಳ ನಡುಕ. ಅದಿರುವವರು ದಶಕಗಳ ಕಾಲ ಬದುಕಬಹುದು. ಆ ಸಾವಿನಿಂದ ಕಲಿಯಬೇಕಾದದ್ದು ತಪಾಸಣೆಯ ಪಾಠವನ್ನು. ವ್ಯಾಯಾಮವನ್ನೇ ಬಿಡಬೇಕೆಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ.

ಎರಡನೆಯದು, ಕ್ರೀಡಾಪಟುಗಳಿಗೇ ಎಎಫ್ ಹೆಚ್ಚು ಬರುತ್ತದಲ್ಲ ಎಂಬುದು. ಇದರಲ್ಲಿ ಹುರುಳಿದೆ. ಸ್ವೀಡನ್ನಿನ 90 ಕಿಲೋಮೀಟರ್ ಹಿಮಜಾರು ಓಟ ವಾಸಾಲೊಪೆಟ್‌ನಲ್ಲಿ ಭಾಗವಹಿಸಿದ 52 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಸಲ ಓಡಿದವರಲ್ಲಿ, ಹೆಚ್ಚು ವೇಗದವರಲ್ಲಿ ಲಯದ ತೊಂದರೆಗಳು ಹೆಚ್ಚಿದ್ದವು. ಆದರೆ ಅದು ವರ್ಷಗಟ್ಟಲೆ ಮಿತಿಮೀರಿ ದಣಿದವರ ಕಥೆ. ವಾರಕ್ಕೆ ಎರಡು ದಿನ ಬಾಟಲಿ ಎತ್ತುವವರಿಗೆ ಅದನ್ನು ಅನ್ವಯಿಸುವುದು ಅತಿಯ ತಪ್ಪನ್ನು ಮಿತಿಯ ತಲೆಗೆ ಕಟ್ಟಿದಂತೆ.

ಮೂರನೆಯ ಆಕ್ಷೇಪ ಈ ನೆಲದ್ದೇ, ಮತ್ತು ತೂಕದ್ದು: ‘ದಿನವಿಡೀ ದುಡಿಯೋ ಮೈಗೆ ಮತ್ತ್ಯಾಕ ವ್ಯಾಯಾಮ?’ ಡೆನ್ಮಾರ್ಕ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಅನುಸರಿಸಿ 2021ರಲ್ಲಿ ಹೊರಬಂದ ಅಧ್ಯಯನ ಇದಕ್ಕೆ ಅಚ್ಚರಿಯ ಉತ್ತರ ಕೊಟ್ಟಿತು. ಬಿಡುವಿನಲ್ಲಿ ಮೈದಣಿಸುವವರಲ್ಲಿ ಹೃದ್ರೋಗ, ಸಾವು ಕಡಿಮೆ. ಕೆಲಸದಲ್ಲಿ ಅತಿಯಾಗಿ ಮೈದಣಿಸುವವರಲ್ಲಿ ಹೆಚ್ಚು. ಆದಾಯ, ಶಿಕ್ಷಣ, ಧೂಮಪಾನದಂಥ ಅಂಶಗಳ ಲೆಕ್ಕ ಕಳೆದ ಮೇಲೂ ಈ ವ್ಯತ್ಯಾಸ ಉಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಹಮಾಲಿ ಮಾಡುವವನು ತನ್ನ ತೂಕವನ್ನು ತಾನು ಆರಿಸುವುದಿಲ್ಲ, ದಣಿದಾಗ ನಿಲ್ಲಲಾರ, ಉಸಿರು ಕಟ್ಟದೆ ಕ್ವಿಂಟಲ್ ಚೀಲ ಎತ್ತಲಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಾಳಿಗೆ 55 ಕಿಲೋ ಮಿತಿಯನ್ನು ಶಿಫಾರಸು ಮಾಡಿತ್ತು. ಕ್ವಿಂಟಲ್ ಚೀಲ ಅದರ ಹೆಚ್ಚುಕಡಿಮೆ ಇಮ್ಮಡಿ. ದುಡಿಮೆ ಮೈಯನ್ನು ಸವೆಸುತ್ತದೆ, ಅಳತೆಯ ವ್ಯಾಯಾಮ ಕಟ್ಟುತ್ತದೆ. ಎಎಫ್ ಇರುವ ಹಮಾಲನಿಗೆ ಬೇಕಾದದ್ದು ದೊಡ್ಡ ಚೀಲದಿಂದ ಬಿಡುಗಡೆ ಮತ್ತು ಚಿಕ್ಕ ತೂಕದ ತಾಲೀಮು, ಎರಡೂ.

ಚೀಟಿಯಲ್ಲಿ ಬರೆಯಬೇಕಾದದ್ದು

‘ಭಾರ ಎತ್ತಬೇಡಿ’ ಎಂಬ ಎರಡು ಪದಗಳಿಂದ ಆಗುವ ಕೆಡುಕು ಇದು: ಪಾಲಿಸುವವರು ಕೂತಲ್ಲೇ ಕೂತು ಸ್ನಾಯು ಕಳೆದುಕೊಂಡು, ಕಡೆಗೆ ಅರ್ಧ ಕೊಡಕ್ಕೂ ಏದುಸಿರು ಬಿಡುತ್ತಾರೆ. ಪಾಲಿಸಲಾಗದವರು ಕೂಲಿ ತಪ್ಪೀತೆಂದು ಕಾಯಿಲೆಯನ್ನೇ ಮುಚ್ಚಿಟ್ಟು ಚೀಲ ಹೊರುತ್ತಾರೆ. ಒಬ್ಬರಿಗೆ ಬೇಕಾದ ಶ್ರಮ ಸಿಗುವುದಿಲ್ಲ, ಇನ್ನೊಬ್ಬರು ಬೇಡದ ಶ್ರಮದಿಂದ ಪಾರಾಗುವುದಿಲ್ಲ. ಮಾತ್ರೆಗೆ ಮಿಲಿಗ್ರಾಂ ಬರೆಯುವ ಚೀಟಿ ಭಾರಕ್ಕೂ ಕಿಲೋ ಬರೆಯಲಿ: ಇಂದು ಎಷ್ಟು ಎತ್ತಬಹುದು, ಎಷ್ಟು ಸಲ, ಯಾವುದಕ್ಕೆ ಇನ್ನೊಬ್ಬರ ಕೈ ಬೇಕು, ಮೂರು ತಿಂಗಳ ನಂತರ ಮತ್ತೆ ಎಷ್ಟು. ವೈದ್ಯರು ತಾವಾಗಿ ಬರೆಯದಿದ್ದರೆ ರೋಗಿಯೇ ಕೇಳಬಹುದು: ‘ಡಾಕ್ಟ್ರೇ, ನಾ ಎಷ್ಟು ಕಿಲೋ ಎತ್ತಬಹುದ್ರೀ?’ ಈ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಡಬೇಕಾದರೆ ವೈದ್ಯರು ಕವಾಟ ನೋಡಲೇಬೇಕು, ನಾಡಿ ಎಣಿಸಲೇಬೇಕು, ರೋಗಿಯ ದಿನದ ಕೆಲಸವೇನೆಂದು ವಿಚಾರಿಸಲೇಬೇಕು. ಎಎಫ್ ಇದ್ದವರ ಸುರಕ್ಷತೆಗೆ ಬೇಕಾದ ಮುಖ್ಯ ತಪಾಸಣೆಗಳೆಲ್ಲ ಆ ಒಂದು ಉತ್ತರದ ಹಾದಿಯಲ್ಲೇ ಮುಗಿದಿರುತ್ತವೆ.